ಮಲೆನಾಡಿನ ಮಳೆಯಲ್ಲಿ ಆಮೆ ಸಾಕುವುದು: ನನ್ನ ಅನುಭವ

ಬೆಂಗಳೂರಿನಲ್ಲಿದ್ದ ನಮ್ಮ ಭಾವ ದೂರದ ಊರಿಗೆ ಹೊರಟಾಗ ಅವರ ಆಮೆ ತೀರ್ಥಹಳ್ಳಿಯ ನಮ್ಮ ಮನೆಗೆ ಬಂತು. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ರೆಡ್ ಇಯರ್ಡ್ ಸ್ಲೈಡರ್. ಅಂಗಡಿಗಳಲ್ಲಿ ಅಂಗೈಯಲ್ಲಿ ಹಿಡಿಸುವ ಹಸಿರು ಮರಿ ಮಾರುತ್ತಾರಲ್ಲ, ಅದೇ ಜಾತಿ. ಹೆಣ್ಣಾದರೆ ಹೆಚ್ಚುಕಡಿಮೆ ಒಂದು ಅಡಿ ಬೆಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ 30 ವರ್ಷವೂ ಬದುಕಬಹುದು. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಆಮೆ ಇಲ್ಲೇ ಇರುತ್ತದೆ. ಹಾಗಾಗಿ ಮೊದಲೇ ಮಾತಾಡಿಕೊಂಡೆವು: ಇದು ಮಗುವಿನದಲ್ಲ, ದೊಡ್ಡವರ ಜವಾಬ್ದಾರಿ.

ಗದ್ದೆ ಬದುವಿನಲ್ಲಿ, ಕೆರೆಯಲ್ಲಿ ಸಿಗುವ ನಮ್ಮೂರ ಆಮೆಗಳನ್ನು ಮನೆಗೆ ತರಲೇಬಾರದು. ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಅದೃಷ್ಟ ತರುತ್ತದೆ ಅಂತ ಅದನ್ನು ಕದ್ದು ಮಾರುವವರಿದ್ದಾರೆ. ಕೊಳ್ಳುವುದೂ ಅಪರಾಧವೇ.

ನಮ್ಮ ಕಡೆ ಆಮೆ ಸಾಕುವವರಿಗೆ ನಿಜವಾದ ಕಷ್ಟ ಮಳೆಗಾಲ. ಆಮೆ ನೀರಿನಿಂದ ಎದ್ದು ಬಂದು ಚಿಪ್ಪು ಒಣಗಿಸಿಕೊಳ್ಳಬೇಕು. ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಮೈಗೆ ಬಿದ್ದರೇನೇ ವಿಟಮಿನ್ ಡಿ3 ತಯಾರಾಗುವುದು. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ಕಿಟಕಿ ಪಕ್ಕ ಇಟ್ಟರೆ ಸಾಕು ಅಂದುಕೊಳ್ಳಬೇಡಿ, ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಬೇಸಿಗೆಯಲ್ಲಿ ಅಂಗಳದಲ್ಲಿ ದೊಡ್ಡ ಟಬ್ ಇಡುತ್ತೇವೆ. ಅರ್ಧ ನೆರಳು, ಹತ್ತಿ ಕೂರಲು ಒಂದು ಚಪ್ಪಡಿ ಕಲ್ಲು, ನಾಯಿ-ಹದ್ದುಗಳಿಗೆ ಸಿಗದಂತೆ ಮೇಲೊಂದು ಬಲೆ. ಕಲ್ಲು ಬೆಚ್ಚಗಾದ ಮೇಲೆ ಅದು ಮೇಲೆ ಹತ್ತಿ, ಹಿಂಗಾಲು ಎರಡನ್ನೂ ಹಿಂದಕ್ಕೆ ಚಾಚಿ, ಬೆರಳ ನಡುವಿನ ಪೊರೆಯನ್ನು ಪೂರ್ತಿ ಬಿಡಿಸಿ ಮಲಗುತ್ತದೆ. ಮಗಳು ಅದನ್ನು ಎಷ್ಟು ಹೊತ್ತು ಬೇಕಾದರೂ ನೋಡುತ್ತಾ ಕೂರುತ್ತಾಳೆ.

ಆರಿದ್ರಾ ಮಳೆ ಹಿಡಿದ ಮೇಲೆ ವಾರಗಟ್ಟಲೆ ಬಿಸಿಲೇ ಇಲ್ಲ ಅಲ್ವಾ? ಆಗ ಒಳಗಿನ ತೊಟ್ಟಿಯೇ ಗತಿ. ಕಲ್ಲಿನ ಮೇಲೆ ಒಂದು ಯುವಿಬಿ ಟ್ಯೂಬ್, ಬಿಸಿಗೆ ಇನ್ನೊಂದು ಬಲ್ಬ್. ನೀರು 25 ಡಿಗ್ರಿ ಆಸುಪಾಸು ಇರುವಂತೆ ಹೀಟರ್ ಹಾಕುತ್ತೇವೆ. ಟ್ಯೂಬ್ ಬೆಳಗುತ್ತಿದ್ದರೂ ಅದರಿಂದ ಬರುವ ಯುವಿಬಿ ಕಾಲಕ್ರಮೇಣ ಕಡಿಮೆಯಾಗುತ್ತದೆ. ಅದಕ್ಕೇ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸದು ಹಾಕುತ್ತೇನೆ. ಮೂಗಿನಲ್ಲಿ ಗುಳ್ಳೆ ಬಂದರೆ, ಒಂದು ಕಡೆ ವಾಲಿಕೊಂಡು ಈಜಿದರೆ ಶೀತ ಶ್ವಾಸಕೋಶಕ್ಕೆ ಇಳಿದಿರಬಹುದು. ಮನೆಮದ್ದು ಮಾಡುತ್ತಾ ಕೂರದೆ ಪಶುವೈದ್ಯರ ಹತ್ತಿರ ಓಡಬೇಕು.

ಊಟ ಹಾಕುವುದು ಮಗಳ ಕೆಲಸ. ಬೆಳೆದ ಆಮೆಗೆ ಸೊಪ್ಪೇ ಜಾಸ್ತಿ ಬೇಕು. ದಾಸವಾಳದ ಎಲೆ ಹಿತ್ತಲಲ್ಲೇ ಇದೆ. ಪಾಲಕ್ ಕ್ಯಾಲ್ಸಿಯಂ ಹೀರಲು ಬಿಡುವುದಿಲ್ಲ, ಅದನ್ನು ದಿನಾ ಕೊಡುವುದಿಲ್ಲ. ಅನ್ನ, ಬ್ರೆಡ್ ಬೇಡವೇ ಬೇಡ.

ಇನ್ನು ಮಕ್ಕಳಿರುವ ಮನೆಯಲ್ಲಿ ಎಲ್ಲಕ್ಕಿಂತ ಮುಖ್ಯ ಕೈ ತೊಳೆಯುವುದು. ಆಮೆ ನೋಡಲು ಎಷ್ಟೇ ಆರೋಗ್ಯವಾಗಿದ್ದರೂ ಅದರ ಮೈಮೇಲೆ, ನೀರಿನಲ್ಲಿ ಸಾಲ್ಮೊನೆಲ್ಲಾ ಎಂಬ, ವಾಂತಿಭೇದಿ ತರುವ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದಲ್ಲಿ ಪುಟ್ಟ ಮಕ್ಕಳಿಗೆ ಇದೇ ಕಾಯಿಲೆ ಬಂದು, 1975ರಲ್ಲಿ 4 ಇಂಚಿಗಿಂತ ಸಣ್ಣ ಆಮೆಗಳನ್ನು ಸಾಕಲು ಮಾರುವುದನ್ನೇ ನಿಲ್ಲಿಸಿದರು. ನಮ್ಮ ತೊಟ್ಟಿ ಪಕ್ಕದಲ್ಲೇ ಸೋಪು ಇದೆ. ಮುಟ್ಟಿದವರು ತೊಳೆಯಲೇಬೇಕು, ನೆಂಟರಾದರೂ ಸೈ. ಮುದ್ದು ಕೊಡುವಂತಿಲ್ಲ. ಐದು ವರ್ಷದೊಳಗಿನ ಮಕ್ಕಳು ನೋಡಬಹುದು, ಮುಟ್ಟುವಂತಿಲ್ಲ. ತೊಟ್ಟಿಯ ನೀರು ಅಡುಗೆಮನೆಯ ಸಿಂಕಿಗೆ ಹೋಗುವುದಿಲ್ಲ, ಬಾಳೆ ಬುಡಕ್ಕೆ ಹೋಗುತ್ತದೆ.

ಸಾಕಾದಾಗ ತುಂಗೆಗೆ ಬಿಟ್ಟರಾಯ್ತು ಅಂತ ಸುಮಾರು ಜನ ಹೇಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇದು ಹೊರದೇಶದ ಜಾತಿ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಹೊಳೆಗೆ ಬಿದ್ದರೆ ನಮ್ಮ ಆಮೆಗಳ ಆಹಾರ, ಬಿಸಿಲು ಕಾಯುವ ಬಂಡೆ ಎರಡಕ್ಕೂ ಪೈಪೋಟಿ. ನಮ್ಮಿಂದ ಆಗದ ಕಾಲಕ್ಕೆ ಶಿವಮೊಗ್ಗದ ನನ್ನ ತಮ್ಮ ನೋಡಿಕೊಳ್ಳುತ್ತೇನೆ ಎಂದು ಒಪ್ಪಿದ್ದಾನೆ. ಅವನ ಮನೆಯ ತಾರಸಿಯಲ್ಲಿ ಬಿಸಿಲೂ ನಮ್ಮಲ್ಲಿಗಿಂತ ಜಾಸ್ತಿ.