ಮಜ್ಜಿಗೆ ಬಿಟ್ಟ ಮೇಲೆ ತಂಬುಳಿಗೆ ಸಿಕ್ಕ ಹಳದಿ ಹುಡಿ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವೆ. ಇಲ್ಲಿ ಬೇಸಗೆಯ ಊಟ ಶುರುವಾಗುವುದು ತಂಬುಳಿಯಿಂದ, ಮುಗಿಯುವುದು ಮಜ್ಜಿಗೆಯಿಂದ. ಹಾಗಿರುವಾಗ ಹಾಲು, ಮೊಸರು, ತುಪ್ಪ ಮೂರನ್ನೂ ಬಿಡುತ್ತೇನೆ ಅಂದರೆ ಯಾರು ಒಪ್ಪುತ್ತಾರೆ? ನಾಲ್ಕು ವರ್ಷದ ಹಿಂದೆ ನಮ್ಮ ಹಟ್ಟಿಯಲ್ಲಿ ಉಳಿದಿದ್ದದ್ದು ಒಂದೇ ದನ, ಕಾಸರಗೋಡು ಗಿಡ್ಡ ತಳಿಯದ್ದು. ಅದರ ಗಂಡು ಕರುವನ್ನು ಕೊಟ್ಟುಬಿಟ್ಟೆವು. ದನ ಮೂರು ದಿನ ಕೂಗಿತು. ಆಮೇಲೆ ನನಗೆ ಹಾಲು ಗಂಟಲಲ್ಲಿ ಇಳಿಯಲಿಲ್ಲ. ಅಷ್ಟೇ ಕಾರಣ. ಯಾರ ಹತ್ತಿರವೂ ವಾದ ಮಾಡಲಿಲ್ಲ, ನನ್ನ ಬಟ್ಟಲಿಗೆ ಮಾತ್ರ ಹಾಕಿಸಿಕೊಳ್ಳಲಿಲ್ಲ.

ಹಸಿ ಆಹಾರ ಶುರುವಾದದ್ದು ಮರುವರ್ಷದ ಬೇಸಗೆಯಲ್ಲಿ. ಬೆಳಿಗ್ಗೆ ಹಣ್ಣು, ಬೊಂಡ ಅಂದರೆ ಎಳನೀರು. ಮಧ್ಯಾಹ್ನ ಹಸಿ ತರಕಾರಿ, ಮೊಳಕೆ ಕಾಳು, ತೆಂಗಿನಕಾಯಿ. ರಾತ್ರಿ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಬೇಯಿಸಿದ ಪಲ್ಯ. ಮುಕ್ಕಾಲು ಪಾಲು ಹಸಿ, ಕಾಲು ಪಾಲು ಬೆಂದದ್ದು. ಗಂಜಿ ಬಿಡಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಮೈ ಹಗುರವಾಯಿತು, ನಿದ್ದೆ ಚೆನ್ನಾಗಿ ಬಂತು. ಆದರೆ ಎರಡು ತಿಂಗಳು ಕಳೆಯುವಾಗ ನಾಲಿಗೆಗೆ ಏನೋ ಕಮ್ಮಿ ಅನ್ನಿಸತೊಡಗಿತು. ಉಪ್ಪು ಇದೆ, ಹುಳಿ ಇದೆ, ಗಾಂಧಾರಿ ಮೆಣಸಿನ ಖಾರ ಇದೆ. ಆದರೂ ಉಂಡ ಹಾಗೆ ಆಗುವುದಿಲ್ಲ. ಒಗ್ಗರಣೆ ಇಲ್ಲ, ಮಜ್ಜಿಗೆಯ ಹುದುಗು ರುಚಿ ಇಲ್ಲ, ಬೆಂದ ಬೇಳೆಯ ಗಟ್ಟಿ ರುಚಿಯೂ ಇಲ್ಲ. ಹಸಿ ಆಹಾರ ಶುರು ಮಾಡಿದ ಎಷ್ಟೋ ಜನ ಬಿಟ್ಟುಬಿಡುವುದು ಇಲ್ಲೇ ಅಂತ ನನ್ನ ಅಂದಾಜು. ಬೆಂಗಳೂರಿನಲ್ಲಿರುವ ತಂಗಿ ಫೋನಿನಲ್ಲಿ, "ಅಕ್ಕಾ, ನ್ಯೂಟ್ರಿಷನಲ್ ಯೀಸ್ಟ್ ಹಾಕಿ ನೋಡು" ಅಂದಳು.

ಮೊದಲ ಸಲ ತಪ್ಪಿದೆ. ಪೇಟೆಯ ಅಂಗಡಿಯಲ್ಲಿ ಯೀಸ್ಟ್ ಅಂತ ಕೇಳಿದೆ, ಬ್ರೆಡ್ಡಿಗೆ ಹಾಕುವ ಕಂದು ಕಾಳಿನ ಪ್ಯಾಕೆಟ್ ಕೊಟ್ಟರು. ಮುಳ್ಳುಸೌತೆಯ ಮೇಲೆ ಉದುರಿಸಿ ತಿಂದೆ. ರಾತ್ರಿಯಿಡೀ ಹೊಟ್ಟೆ ಉಬ್ಬರ. ಅದು ಜೀವಂತ ಯೀಸ್ಟ್. ಹಿಟ್ಟು ಉಬ್ಬಿಸುವುದೇ ಅದರ ಕೆಲಸ, ಹಸಿಯಾಗಿ ತಿನ್ನುವಂಥದ್ದಲ್ಲ. ಬಿಯರ್ ಮಾಡುವಲ್ಲಿ ಉಳಿಯುವ ಬ್ರೂವರ್ಸ್ ಯೀಸ್ಟ್ ಅಂತ ಇನ್ನೊಂದು ಸಿಗುತ್ತದೆ, ಅದು ಕಹಿ. ನಮಗೆ ಬೇಕಾದದ್ದು ಮೂರನೆಯದು, ತಂಗಿ ಹೇಳಿದ ನ್ಯೂಟ್ರಿಷನಲ್ ಯೀಸ್ಟ್. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಂಥ ಸಿಹಿಯಲ್ಲಿ ಯೀಸ್ಟನ್ನು ಬೆಳೆಸುತ್ತಾರೆ, ತೊಳೆಯುತ್ತಾರೆ, ಬಿಸಿ ಕೊಟ್ಟು ಸಾಯಿಸುತ್ತಾರೆ, ಒಣಗಿಸಿ ತೆಳು ಚಕ್ಕೆ ಮಾಡುತ್ತಾರೆ. ಮೂರೂ ಒಂದೇ ಜಾತಿಯ ಜೀವಿ, ಹೆಸರು ಸ್ಯಾಕರೊಮೈಸಿಸ್ ಸೆರೆವಿಸಿಯೆ. ಆದರೆ ಬಳಕೆ ಬೇರೆ ಬೇರೆ.

ಇದನ್ನು ನೆರೆಮನೆಯ ಅಕ್ಕನಿಗೆ ಹೇಳುವಾಗ ಅವರು ತಕ್ಷಣ, "ಓ, ನಾವು ಸನ್ನಕ್ಕೆ ಕಳ್ಳು ಹಾಕುವ ಹಾಗೆ" ಅಂದರು. ಸರಿಯಾದ ಮಾತು. ಇಡ್ಲಿಯಂಥ ತಿಂಡಿಯಾದ ಸನ್ನದ ಹಿಟ್ಟನ್ನು ಉಬ್ಬಿಸುವ ಕಳ್ಳಿನಲ್ಲಿಯೂ ಇದೇ ಯೀಸ್ಟ್ ಇರುತ್ತದೆ. ಅದು ಬದುಕಿದ್ದು, ಇದು ಸತ್ತದ್ದು. ಬಿಸಿ ಕೊಟ್ಟಿರುವುದರಿಂದ ಇದನ್ನು ಪೂರ್ತಿ ಹಸಿ ಅನ್ನಲಾಗದು. 48 ಡಿಗ್ರಿ ದಾಟಿದ ಯಾವುದನ್ನೂ ಮುಟ್ಟುವುದಿಲ್ಲ ಅನ್ನುವವರಿಗೆ ಇದು ಆಗಿಬರುವುದಿಲ್ಲ. ನನಗೆ ಅದು ತೊಡಕಾಗಲಿಲ್ಲ. ದಿನಕ್ಕೆ ಒಂದೆರಡು ಚಮಚ ಹಾಕಿದರೆ ಉಳಿದ ಇಡೀ ಬಟ್ಟಲು ಹಸಿ ತರಕಾರಿ ಖುಷಿಯಿಂದ ಒಳಗೆ ಹೋಗುತ್ತದೆ ಅಲ್ವಾ, ಆ ಲೆಕ್ಕ ನನಗೆ ಸಾಕು.

ಸರಿಯಾದ ಡಬ್ಬ ಕೊರಿಯರಿನಲ್ಲಿ ಬಂತು. ಮುಚ್ಚಳ ತೆಗೆದರೆ ಮೀನಿಗೆ ಹಾಕುವ ತಿಂಡಿಯಂಥ ಹಳದಿ ಚಕ್ಕೆ. ಬೆರಳಲ್ಲಿ ತಿಕ್ಕಿದರೆ ಹುಡಿಯಾಗುತ್ತದೆ. ವಾಸನೆ ಹುರಿದ ಗೇರುಬೀಜದ ಹಾಗೆ, ಹಿಂದೆಯೇ ಸ್ವಲ್ಪ ಹುದುಗಿನ ಘಾಟು. ಅತ್ತೆ ಮೂಸಿ ನೋಡಿ, "ಇದೆಂತ ಹುಡಿ ಮಾರಾಯ್ತಿ, ಹಳೆ ಅಕ್ಕಿ ಡಬ್ಬದ ವಾಸನೆ" ಅಂದರು. ಸುಮ್ನೆ ಚಮಚದಲ್ಲಿ ಬಾಯಿಗೆ ಹಾಕಿದರೆ ಯಾರಿಗೂ ಹಿಡಿಸುವುದಿಲ್ಲ, ಅಂಗುಳಕ್ಕೆ ಅಂಟುತ್ತದೆ. ಕೊಬ್ಬಿನಂಶ ಮತ್ತು ಹುಳಿ ಎರಡೂ ಜೊತೆಗೆ ಬೇಕು. ನಮ್ಮ ಊರಿನಲ್ಲಿ ಕೊಬ್ಬು ಅಂದರೆ ತೆಂಗಿನಕಾಯಿ, ಹುಳಿ ಅಂದರೆ ಪುನರ್ಪುಳಿಯೋ ಲಿಂಬೆಯೋ. ಎರಡೂ ಹಿತ್ತಲಲ್ಲೇ ಇವೆ.

ನಾನು ಗೆದ್ದದ್ದು ಒಂದೆಲಗದ ತಂಬುಳಿಯಲ್ಲಿ. ತುಳುವಿನಲ್ಲಿ ತಿಮರೆ ಅನ್ನುವ ಸೊಪ್ಪು, ತೋಟದ ಕಣಿಯ ಬದಿಯಲ್ಲಿ ಬೇಕಾದಷ್ಟು. ಇಪ್ಪತ್ತೈದು ಎಲೆ ದಂಟು ಸಮೇತ ಕಿತ್ತು, ಮಣ್ಣು ಹೋಗುವಂತೆ ಮೂರು ನೀರಲ್ಲಿ ತೊಳೆಯಬೇಕು. ಅರ್ಧ ಕಪ್ ಕಾಯಿತುರಿ, ಕಾಲು ಚಮಚ ಜೀರಿಗೆ, ಐದು ಕಾಳುಮೆಣಸು, ಉಗುರಿನಷ್ಟು ಶುಂಠಿ ಸೇರಿಸಿ ನುಣ್ಣಗೆ ರುಬ್ಬಬೇಕು. ನಮ್ಮಲ್ಲಿ ಜೀರಿಗೆ ಮೆಣಸನ್ನು ತುಪ್ಪದಲ್ಲಿ ಹುರಿಯುವ ಕ್ರಮ ಇದೆ. ನಾನು ಹುರಿಯುವುದಿಲ್ಲ. ರುಬ್ಬಿದ್ದಕ್ಕೆ ಮಜ್ಜಿಗೆಯ ಬದಲು ಒಂದೂವರೆ ಕಪ್ ತೆಳು ಕಾಯಿಹಾಲು, ಅರ್ಧ ಲಿಂಬೆಯ ರಸ. ಕೊನೆಗೆ ಒಂದು ದೊಡ್ಡ ಚಮಚ ಯೀಸ್ಟ್ ಉದುರಿಸಿ, ಕಡೆಗೋಲಿನಿಂದ ನಾಲ್ಕು ಸುತ್ತು ತಿರುಗಿಸಿ ಹತ್ತು ನಿಮಿಷ ಬಿಡಬೇಕು. ಚಕ್ಕೆ ಕರಗಿ ಬಣ್ಣ ಎಳೆ ಹಸಿರಿನಿಂದ ಮಾಸಲು ಹಸಿರಿಗೆ ತಿರುಗುತ್ತದೆ. ಉಪ್ಪು ಹಾಕುವುದು ಆಮೇಲೆ, ರುಚಿ ನೋಡಿಕೊಂಡು. ಇದು ಮುಖ್ಯ. ಯೀಸ್ಟಿನಲ್ಲಿ ಗ್ಲುಟಾಮಿಕ್ ಆಮ್ಲ ಇರುತ್ತದೆ. ಹಣ್ಣಾದ ಟೊಮೆಟೊ, ಒಣ ಅಣಬೆಗಳಲ್ಲಿ ಇರುವ ಆ ಗಟ್ಟಿ ರುಚಿ ಅದರದ್ದೇ. ಆ ರುಚಿ ಸೇರಿದ ಮೇಲೆ ಉಪ್ಪು ಕಮ್ಮಿ ಸಾಕಾಗುತ್ತದೆ. ಮೊದಲೇ ಉಪ್ಪು ಹಾಕಿದ ದಿನಗಳಲ್ಲೆಲ್ಲ ನನ್ನ ತಂಬುಳಿ ಕಡು ಉಪ್ಪಾಗಿದೆ.

ಇದು ಮಜ್ಜಿಗೆ ತಂಬುಳಿಯೇ ಅಂತ ಹೇಳಲಾರೆ. ಮಜ್ಜಿಗೆಯ ತಂಪು ಬೇರೆ. ಆದರೆ ಹುದುಗಿದ ರುಚಿಯ ಒಂದು ಎಳೆ ಮರಳಿ ಸಿಕ್ಕಿತು. ಆ ದಿನ ಎರಡು ಲೋಟ ಕುಡಿದೆ.

ಕೋಸಂಬರಿಗೆ ಹಾಕುವ ಬಗೆ ಬೇರೆ. ಮುಳ್ಳುಸೌತೆಗೆ ಉಪ್ಪು ಬಿದ್ದ ಕೂಡಲೇ ನೀರು ಬಿಡುತ್ತದೆ. ಮೊದಲೇ ಯೀಸ್ಟ್ ಹಾಕಿದರೆ ಅಂಟು ಅಂಟಾಗಿ ತಳದಲ್ಲಿ ಕೂರುತ್ತದೆ. ಬಡಿಸಿದ ಮೇಲೆ ಎಲೆಯ ಮೇಲೆಯೇ ಎರಡು ಸಣ್ಣ ಚಮಚ ಉದುರಿಸಿ ಕೂಡಲೇ ತಿನ್ನುವುದು. ಬಾಳೆದಿಂಡಿನ ಕೋಸಂಬರಿಗೂ ಹೀಗೆಯೇ.

ಗೇರುಬೀಜದ ಬಗ್ಗೆ ಒಂದು ಮಾತು. ನೆನೆಸಿದ ಗೇರುಬೀಜ, ಯೀಸ್ಟ್, ಲಿಂಬೆ, ಬೆಳ್ಳುಳ್ಳಿ ರುಬ್ಬಿ ಚೀಸ್ ಥರ ಮಾಡುವುದನ್ನು ಎಲ್ಲರೂ ಹೇಳುತ್ತಾರೆ. ರುಚಿ ನಿಜಕ್ಕೂ ಚೆನ್ನಾಗಿದೆ. ಆದರೆ ಅದನ್ನು ಹಸಿ ಅಂತ ಹೇಳುವಾಗ ಗೇರು ಬೆಳೆಯುವ ಊರಿನವರಿಗೆ ಗೊತ್ತಾಗುತ್ತದೆ, ಅದು ಹಸಿಯಲ್ಲ. ಸಿಪ್ಪೆಯೊಳಗೆ ಚರ್ಮ ಸುಡುವ ಎಣ್ಣೆ ಇದೆ. ಅದಕ್ಕಾಗಿ ಕಾರ್ಖಾನೆಯಲ್ಲಿ ಬೀಜವನ್ನು ಹಬೆಯಲ್ಲಿ ಬೇಯಿಸಿಯೋ ಹುರಿದೋ ಒಡೆಯುತ್ತಾರೆ. ಪ್ಯಾಕೆಟ್ಟಿನ ಬಿಳಿ ಬೀಜ ಬಿಸಿ ಕಂಡೇ ಬಂದದ್ದು. ನಿಜವಾದ ಹಸಿ ಗೇರುಬೀಜ ಬೇಕಾದರೆ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಎಳೆ ಕಾಯಿಯನ್ನು ಸೀಳಿ ತೆಗೆಯಬೇಕು, ಅದೂ ಸೀಸನ್ನಿನ ಕೆಲವು ವಾರ ಮಾತ್ರ. ಚಿಕ್ಕಂದಿನಲ್ಲಿ ಎಣ್ಣೆ ಹಚ್ಚದೆ ಸೀಳಿ ಬಾಯಿ ಸುತ್ತ ಸುಟ್ಟುಕೊಂಡದ್ದು ಈಗಲೂ ನೆನಪಿದೆ. ನಾನೀಗ ಜಾಸ್ತಿ ಬಳಸುವುದು ಬನ್ನಂಗಾಯಿ, ಅಂದರೆ ಬೊಂಡಕ್ಕಿಂತ ಸ್ವಲ್ಪ ಬಲಿತ ತೆಂಗಿನಕಾಯಿ. ಅದರ ಮೆತ್ತಗಿನ ತಿರುಳು ಒಂದು ಕಪ್, ಯೀಸ್ಟ್ ಎರಡು ದೊಡ್ಡ ಚಮಚ, ಒಂದು ಗಾಂಧಾರಿ ಮೆಣಸು, ಒಂದು ಎಸಳು ಬೆಳ್ಳುಳ್ಳಿ, ಲಿಂಬೆ. ರುಬ್ಬಿದರೆ ದಪ್ಪ ಚಟ್ನಿಯ ಹದ. ಹಸಿ ಕ್ಯಾರೆಟ್, ಎಳೆ ಬೆಂಡೆಕಾಯಿ ಅದ್ದಿ ತಿನ್ನಲು ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಇನ್ನು ನಾನು ಎಲ್ಲರಿಗೂ ಹೇಳಲೇಬೇಕು ಅಂದುಕೊಂಡಿರುವ ವಿಷಯ.

ಮಾಂಸಾಹಾರ ಇಲ್ಲದವರು ಹಾಲೂ ಬಿಟ್ಟರೆ ಬಿ12 ಜೀವಸತ್ವದ ಕೊರತೆ ಬರಬಹುದು ಅಂತ ನನಗೆ ಮೊದಲಿನಿಂದಲೂ ಗೊತ್ತಿತ್ತು. ಯೀಸ್ಟಿನಲ್ಲಿ ಬಿ12 ಇದೆ ಅಂತಲೂ ಕೇಳಿದ್ದೆ. ದಿನಾ ತಿನ್ನುತ್ತೇನಲ್ಲ, ಆಯಿತು ಅಂತ ನೆಮ್ಮದಿಯಿಂದ ಇದ್ದೆ. ಹಾಲು ಬಿಟ್ಟು ಎರಡೂವರೆ ವರ್ಷ ಆಗುವಾಗ ಪಾದ ಜೋಮು ಹಿಡಿಯಲು ಶುರುವಾಯಿತು. ರಾತ್ರಿ ಮಲಗಿದರೆ ಇರುವೆ ಹರಿದ ಹಾಗೆ. ಅಂಗಳದಲ್ಲಿ ಬರಿಗಾಲಲ್ಲಿ ನಡೆಯುವಾಗ ಬಟ್ಟೆಯ ಮೇಲೆ ಕಾಲಿಟ್ಟ ಹಾಗೆ, ಜಲ್ಲಿಯ ಚುರುಕು ತಿಳಿಯುತ್ತಿರಲಿಲ್ಲ. ಅಡಿಕೆ ಹೆಕ್ಕಿ ಹೆಕ್ಕಿ ಸೊಂಟದ ನರ ಹಿಡಿದಿರಬೇಕು ಅಂತ ಎರಡು ತಿಂಗಳು ಎಣ್ಣೆ ತಿಕ್ಕಿದೆ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು. ಬಿ12 ಮಾತ್ರ 140. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ.

ಮನೆಗೆ ಬಂದು ಮೊದಲ ಬಾರಿಗೆ ಡಬ್ಬದ ಹಿಂಬದಿಯನ್ನು ಸರಿಯಾಗಿ ಓದಿದೆ. ಒಳಗೆ ಏನಿದೆ ಅನ್ನುವ ಜಾಗದಲ್ಲಿ ಇದ್ದದ್ದು ಒಣ ಯೀಸ್ಟ್ ಅಂತ ಒಂದೇ ಸಾಲು. ಯೀಸ್ಟ್ ತಾನಾಗಿ ಬಿ12 ಮಾಡುವುದಿಲ್ಲ. ಗಿಡಗಳೂ ಮಾಡುವುದಿಲ್ಲ. ಬಿ12 ಮಾಡುವುದು ಬ್ಯಾಕ್ಟೀರಿಯಾ. ಕೆಲವು ಕಂಪೆನಿಯವರು ಅದನ್ನು ಬೇರೆಯಾಗಿ ತಂದು ಯೀಸ್ಟಿಗೆ ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ. ಸೇರಿಸಿದ ಡಬ್ಬದಲ್ಲಿ ಸಯನೋಕೊಬಾಲಮಿನ್ ಅಂತ ಹೆಸರೋ ಬಿ12 ಎಷ್ಟು ಮೈಕ್ರೋಗ್ರಾಂ ಅಂತ ಅಂಕಿಯೋ ಬರೆದಿರುತ್ತದೆ. ನನ್ನದು ಸೇರಿಸದ್ದು. ಡಬ್ಬ ಸುಳ್ಳು ಹೇಳಿರಲಿಲ್ಲ, ನಾನು ಓದಿರಲಿಲ್ಲ. ಸ್ಪಿರುಲಿನಾ ತಿಂದರೆ ಸಾಕು ಅನ್ನುವವರೂ ಇದ್ದಾರೆ. ಅದರಲ್ಲಿರುವುದರ ಹೆಚ್ಚಿನ ಪಾಲು ನಮ್ಮ ಮೈಗೆ ಕೆಲಸಕ್ಕೆ ಬಾರದ, ಬಿ12ನಂತೆ ಕಾಣುವ ಬೇರೊಂದು ರೂಪ.

ಎರಡೂವರೆ ವರ್ಷ ಯಾಕೆ ಹಿಡಿಯಿತು ಅಂದರೆ, ಬಿ12 ಲಿವರಿನಲ್ಲಿ ವರ್ಷಗಟ್ಟಲೆ ದಾಸ್ತಾನು ಇರುತ್ತದೆ. ಹಾಲು ಬಿಟ್ಟ ಮೊದಲ ವರ್ಷ ಏನೂ ಆಗಲಿಲ್ಲ ಅಂತ ಯಾರಾದರೂ ಹೇಳಿದರೆ ಅದು ಹಳೆ ದಾಸ್ತಾನು ಕರಗುತ್ತಿರುವ ಕಾಲ. ಹಿಮೋಗ್ಲೋಬಿನ್ ಸರಿ ಇದ್ದದ್ದೂ ನನ್ನನ್ನು ದಾರಿ ತಪ್ಪಿಸಬಹುದಿತ್ತು. ಸೊಪ್ಪು, ಮೊಳಕೆ ಕಾಳು, ಯೀಸ್ಟ್ ಎಲ್ಲದರಲ್ಲೂ ಫೋಲೇಟ್ ಅನ್ನುವ ಇನ್ನೊಂದು ಬಿ ಜೀವಸತ್ವ ಜಾಸ್ತಿ. ಫೋಲೇಟ್ ಚೆನ್ನಾಗಿದ್ದರೆ ಬಿ12 ಇಲ್ಲದೆ ಬರುವ ರಕ್ತಹೀನತೆ ಮರೆಯಾಗಬಹುದು, ನರಗಳು ಮಾತ್ರ ಒಳಗಿಂದೊಳಗೆ ಸವೆಯುತ್ತಾ ಹೋಗುತ್ತವೆ.

ಯೀಸ್ಟ್ ಮತ್ತು ರಕ್ತದ ಈ ಕಥೆ ನಮ್ಮ ದೇಶದಲ್ಲೇ ನಡೆದದ್ದು ಅಂತ ಆಮೇಲೆ ಓದಿ ತಿಳಿದೆ. ಲೂಸಿ ವಿಲ್ಸ್ ಅಂತ ಇಂಗ್ಲೆಂಡಿನ ಡಾಕ್ಟರ್, 1928ರಲ್ಲಿ ಬೊಂಬಾಯಿಗೆ ಬಂದು ಬಸುರಿ ಹೆಂಗಸರ ರಕ್ತಹೀನತೆಯ ಬಗ್ಗೆ ಕೆಲಸ ಮಾಡಿದರು. ಬಟ್ಟೆ ಗಿರಣಿಯ ಬಡ ಕೆಲಸಗಾರ್ತಿಯರಲ್ಲಿ ಅದು ಜಾಸ್ತಿ ಇತ್ತು. ಮಾರ್ಮೈಟ್ ಅನ್ನುವ ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಅದನ್ನು ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ವಸ್ತುವೇ ಫೋಲೇಟ್ ಅಂತ ಮುಂದೆ ಗೊತ್ತಾಯಿತು. ಬಿ12 ಬೇರೆಯೇ, ಅದನ್ನು ಪ್ರತ್ಯೇಕಿಸಿದ್ದು 1948ರಲ್ಲಿ. ಇದನ್ನು ಓದಿದ ದಿನ ನನ್ನ ಡಬ್ಬ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಅನ್ನುವುದು ಮನಸ್ಸಿನಲ್ಲಿ ಸರಿಯಾಗಿ ಕೂತಿತು.

ಡಾಕ್ಟರು ಇಂಜೆಕ್ಷನ್ ಕೋರ್ಸ್ ಕೊಟ್ಟರು, ಆಮೇಲೆ ಮಾತ್ರೆ. ಜೋಮು ಪೂರ್ತಿ ಹೋಗಲು ಐದು ತಿಂಗಳು ಹಿಡಿಯಿತು. ಈಗ ಬಿ12 ಸೇರಿಸಿದ ಯೀಸ್ಟನ್ನೇ ತರಿಸುತ್ತೇನೆ, ಆದರೂ ಮಾತ್ರೆ ಬಿಟ್ಟಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 2.4 ಮೈಕ್ರೋಗ್ರಾಂ, ಅದೇನೋ ಸಣ್ಣ ಅಳತೆಯೇ. ಆದರೆ ನಾನು ಒಂದು ದಿನ ಮೂರು ಚಮಚ ಹಾಕುತ್ತೇನೆ, ಇನ್ನೊಂದು ದಿನ ಹಾಕುವುದೇ ಇಲ್ಲ. ಕೈಯಳತೆಯ ಅಡುಗೆಯನ್ನು ನಂಬಿ ನರಗಳನ್ನು ಬಿಡಲಾರೆ. ಯೀಸ್ಟ್ ನನಗೆ ರುಚಿಗೆ, ಜೊತೆಗೆ ಸ್ವಲ್ಪ ಪ್ರೋಟೀನಿಗೆ. ತೂಕದಲ್ಲಿ ಅರ್ಧದಷ್ಟು ಪ್ರೋಟೀನ್ ಅದರಲ್ಲಿದೆ. ಬಿ12ಗೆ ಮಾತ್ರೆ. ವರ್ಷಕ್ಕೊಂದು ರಕ್ತ ಪರೀಕ್ಷೆ, ಅಡಿಕೆ ಕೊಯ್ಲಿನ ಕೆಲಸ ಮುಗಿದ ಮೇಲೆ.

ಬಿ ಜೀವಸತ್ವ ಸೇರಿಸಿದ ಯೀಸ್ಟ್ ತಿಂದರೆ ಮೂತ್ರ ಎದ್ದು ಕಾಣುವ ಹಳದಿ ಆಗುತ್ತದೆ, ಹೆದರಬೇಡಿ. ಅದು ರೈಬೋಫ್ಲೇವಿನ್, ಅಂದರೆ ಬಿ2. ಚಕ್ಕೆಯ ಹಳದಿಗೂ ಅದೇ ಕಾರಣ. ಬೆಳಕು ಬಿದ್ದರೆ ಅದು ಹಾಳಾಗುತ್ತದೆ, ಗಾಜಿನ ಬಾಟಲಿಯಲ್ಲಿ ಕಿಟಕಿ ಹತ್ತಿರ ಇಡಬಾರದು. ನಮ್ಮ ಮಾವನವರಿಗೆ ಯೂರಿಕ್ ಆಸಿಡ್ ಜಾಸ್ತಿ ಇದೆ, ಹೆಬ್ಬೆರಳಿನ ಗಂಟು ಊದುತ್ತದೆ. ಮೈಯಲ್ಲಿ ಯೂರಿಕ್ ಆಸಿಡ್ ಆಗುವ ಪ್ಯೂರಿನ್ ಅನ್ನುವ ವಸ್ತು ಯೀಸ್ಟಿನಲ್ಲಿ ಇರುವುದರಿಂದ ಅವರ ಪಾಲಿನ ಕೋಸಂಬರಿಯನ್ನು ಮೊದಲೇ ತೆಗೆದಿಡುತ್ತೇನೆ.

ಇಲ್ಲಿ ದೊಡ್ಡ ಶತ್ರು ಮಳೆಗಾಲ. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರ್ ದಾಟುವ ಮಳೆ. ಆಟಿ ತಿಂಗಳ ಮಳೆಯಲ್ಲಿ ಉಪ್ಪೇ ನೀರಾಗುವಾಗ ಈ ಚಕ್ಕೆಯ ಗತಿ ಏನು! ಮೊದಲ ವರ್ಷ ಅರ್ಧ ಡಬ್ಬ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿ, ಬೂಷ್ಟು ಹಿಡಿದ ವಾಸನೆ ಬಂದು, ತೆಂಗಿನ ಬುಡಕ್ಕೆ ಹೋಯಿತು. ತೂಕಕ್ಕೆ ತೂಕ ನೋಡಿದರೆ ಚಾಲಿ ಅಡಿಕೆಗಿಂತ ಎಷ್ಟೋ ಪಾಲು ದುಬಾರಿ ಸಾಮಾನು, ಹೊಟ್ಟೆ ಉರಿಯಿತು. ಈಗ ಜೂನಿನ ಮೊದಲೇ ಸಣ್ಣ ಸಣ್ಣ ಸ್ಟೀಲು ಡಬ್ಬಗಳಿಗೆ ಹಂಚಿ ಬಾಯಿ ಬಿಗಿದು ಫ್ರಿಜ್ಜಿನಲ್ಲಿ ಇಡುತ್ತೇನೆ. ಒಂದು ಡಬ್ಬ ಹತ್ತು ದಿನಕ್ಕೆ. ಒದ್ದೆ ಚಮಚ ಹಾಕುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಡಬ್ಬವನ್ನು ಕೂಡಲೇ ತೆರೆಯುವುದಿಲ್ಲ. ಕಾಲು ಗಂಟೆ ಹೊರಗಿಟ್ಟು, ಡಬ್ಬದ ಹೊರಮೈಯ ಬೆವರು ಒರೆಸಿ, ಆಮೇಲೆ ಮುಚ್ಚಳ ತೆಗೆಯುತ್ತೇನೆ. ಕಳೆದ ಆಟಿಯಲ್ಲಿ ಒಂದು ಚಮಚವೂ ಹಾಳಾಗಲಿಲ್ಲ.