ಸಿಮೆಂಟ್ ಕಿತ್ತು ಸುಣ್ಣ ಹಚ್ಚಿದ ಮೇಲೆಯೇ ಬಾಡಿಗೆದಾರರು ಉಳಿದರು

ಬೆಳಗಾವಿಯ ಗಣಪತ ಗಲ್ಲಿಯಲ್ಲಿರುವ ನಮ್ಮ ಮನೆಯ ಬಾಗಿಲ ಪಟ್ಟಿಯ ಮೇಲೆ 1936 ಅಂತ ಕೊರೆದಿದೆ. ಅಜ್ಜ ಕಟ್ಟಿಸಿದ್ದು. ಕೆಳಗೆ ಅಂಗಡಿ, ಮೇಲೆ ಹಂಚಿನ ಮಹಡಿ. ಅಜ್ಜಿ ಹೋದ ಮೇಲೆ ಮಹಡಿ ಎಂಟು ವರ್ಷ ಖಾಲಿ ಬಿದ್ದಿತ್ತು. "ಕೆಡವಿ ಸ್ಲ್ಯಾಬ್ ಹಾಕಪಾ, ಹಳೇ ಮನಿಗೆ ಯಾರ ಬರ್ತಾರ?" ಅಂತ ದೊಡ್ಡಪ್ಪ ಮದುವೆ ಮನೆಯಲ್ಲಿ ಎಲ್ಲರ ಎದುರೇ ಅಂದರು. ಈಗ ಅದೇ ಮಹಡಿಯಿಂದ ತಿಂಗಳಿಗೆ 13,000 ಬಾಡಿಗೆ ಬರುತ್ತಿದೆ. ಇದು ಮೂರನೇ ವರ್ಷ.

ಮೊದಲ ಸಲ ನಾನೂ ಸಿಮೆಂಟಿಗೇ ಹೋದೆ. ಒಂದೂವರೆ ಅಡಿ ದಪ್ಪದ, ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆ ಗೋಡೆ. ಅದಕ್ಕೆ ಸಿಮೆಂಟ್ ಗಿಲಾವು, ಪುಟ್ಟಿ, ಮೇಲೆ ಪ್ಲಾಸ್ಟಿಕ್ ಪೇಂಟ್. ಸುಮಾರು 1 ಲಕ್ಷ 10 ಸಾವಿರ ಹೋಯಿತು. ಮೇ ತಿಂಗಳಲ್ಲಿ ಗೋಡೆ ಹೊಳೆಯುತ್ತಿತ್ತು. ಜೂನ್‌ನಲ್ಲಿ ಒಂದು ಸಂಸಾರ ಬಂತು. ಬೆಳಗಾವಿ ಮಳೆ ಗೊತ್ತಲ್ವಾ, ಹಿಡಿದರೆ ಬಿಡಲ್ಲ. ಜುಲೈ ಕೊನೆಗೆ ಪೇಂಟ್ ಗುಳ್ಳೆ ಎದ್ದಿತು. ಬೆರಳಿಂದ ಒತ್ತಿದರೆ ನೀರು ಒಸರುತ್ತಿತ್ತು. ಕಪಾಟಿನ ಹಿಂದೆ ಬೂಸಲು. ಅವರ ಮಗುವಿಗೆ ಕೆಮ್ಮು ಶುರುವಾಯಿತು. ಆಗಸ್ಟಿನಲ್ಲಿ ಬಿಟ್ಟು ಹೋದರು. 40,000 ಡಿಪಾಸಿಟ್ ಪೂರ್ತಿ ವಾಪಸ್ ಕೊಟ್ಟೆ. ತಪ್ಪು ನಂದು, ಮುರಿದುಕೊಳ್ಳಲು ಮನಸ್ಸಾಗಲಿಲ್ಲ.

ಖಾಲಿ ಮನೆಯಲ್ಲಿ ಗೋಡೆ ಗೋಡೆ ಮುಟ್ಟಿ ನೋಡಿದೆ. ದುಡ್ಡು ಸಾಲದೆ ದೇವರ ಕೋಣೆಯ ಪಶ್ಚಿಮದ ಗೋಡೆಗೆ ಸಿಮೆಂಟ್ ಹಚ್ಚಿರಲಿಲ್ಲ. ಅಜ್ಜನ ಕಾಲದ ಸುಣ್ಣವೇ ಇತ್ತು. ಮಳೆ ಹೊಡೆಯುವ ದಿಕ್ಕು ಅದೇ. ಆದರೂ ಆ ಗೋಡೆ ಮಾತ್ರ ಒಣಗಿತ್ತು.

ಸಿಮೆಂಟ್ ಕಿತ್ತಿಸೋಕೇ 25,000 ಆಯಿತು. ಅದರ ಜೊತೆ ಇಟ್ಟಿಗೆಯ ಮುಖವೂ ಕಿತ್ತು ಬಂತು. ಸುಣ್ಣ ಅಂದ ಕೂಡಲೇ ನಾಲ್ಕೈದು ಗೌಂಡಿಗಳು ಎದ್ದು ಹೋದರು. ಕೊನೆಗೆ ಖಾನಾಪುರ ಕಡೆಯ ಒಬ್ಬ ಹಿರಿಯರು ಒಪ್ಪಿದರು. "ಸುಣ್ಣದ ಕೆಲಸಕ್ಕ ಗಡಿಬಿಡಿ ನಡಿಯಂಗಿಲ್ರಿ ಸಾಹೇಬ್ರ" ಅಂತ ಮೊದಲೇ ಹೇಳಿದರು. ಕಲ್ಲುಸುಣ್ಣ ಅರಳಿಸಿ ಡ್ರಮ್ಮಿನಲ್ಲಿ ತಿಂಗಳ ಮೇಲೆ ನೆನೆಯಲು ಬಿಟ್ಟೆವು. ಮಳೆ ಪೂರ್ತಿ ನಿಂತ ಮೇಲೆ, ನವೆಂಬರ್‌ನಲ್ಲಿ ಹಚ್ಚಿದ್ದು. ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿ ನೀರು. ಅಳಲೆಕಾಯಿ ಎಷ್ಟು ದಿನ ನೆನೆಸಿದೆವು, ಯಾವ ಪದರಕ್ಕೆ ಎಷ್ಟು ಹಾಕಿದೆವು ಅನ್ನೋದನ್ನು ಬರೆಯಲ್ಲ, ಅದು ಅವರ ಕೈಗುಣ. ಗೋಣಿಚೀಲ ಒದ್ದೆ ಮಾಡಿ ಗೋಡೆಗೆ ತೂಗಿಬಿಟ್ಟು, ಒಂದೊಂದು ಪದರವನ್ನೂ ನಿಧಾನಕ್ಕೆ ಒಣಗಿಸಿದೆವು. ಬಿಸಿಲಿಗೆ ಬಿಟ್ಟ ಒಂದೇ ಮೂಲೆ ಕೂದಲೆಳೆಯಂತೆ ಸೀಳಿತು, ಅದನ್ನು ಮತ್ತೆ ಮಾಡಿದೆವು.

ನಡುವೆ ಇನ್ನೊಂದು ಪ್ರಯೋಗ. ಅಡುಗೆಮನೆ ಕತ್ತಲೆ ಅಂತ ಆರು ಗಾಜಿನ ಹಂಚು ಹಾಕಿಸಿದೆ. ಬೆಳಕು ಚೆನ್ನಾಗಿ ಬಂತು, ಆದರೆ ಏಪ್ರಿಲ್‌ನಲ್ಲಿ ಒಲೆ ಹಚ್ಚದೆಯೇ ಬೆವರು ಇಳಿಯುತ್ತಿತ್ತು. ನಾಲ್ಕು ತೆಗೆಸಿದೆ. ಉತ್ತರದ ಇಳಿಜಾರಿನಲ್ಲಿ ಎರಡು ಉಳಿಸಿದೆ, ಸಾಕಾಗುತ್ತದೆ. ಸಾಗವಾನಿ ತೊಲೆಗಳಿಗೆ ಹಳೇ ಪೇಂಟ್ ಕೆರೆದು ಅಗಸೆ ಎಣ್ಣೆ ಹಚ್ಚಿದೆ. ಬಂದವರೆಲ್ಲ ಮೊದಲು ಅದನ್ನೇ ನೋಡ್ತಾರೆ, ನನಗದು ಖುಷಿ.

ಬಾಡಿಗೆಗೆ ತೋರಿಸುವುದರಲ್ಲೂ ಕಲಿತೆ. ಮೊದಲು ಭಾನುವಾರ ಬೆಳಗ್ಗೆ ತೋರಿಸುತ್ತಿದ್ದೆ. ಆಗ ಗಲ್ಲಿ ಶಾಂತ. ಈಗ ಸಂಜೆ ಏಳಕ್ಕೇ ಕರೀತೀನಿ. ಕಿಟಕಿ ತೆರೆದು ಸುಮ್ನೆ ಐದು ನಿಮಿಷ ನಿಲ್ಲಿಸ್ತೀನಿ. ಗಾಡಿ ಹಾರ್ನ್, ಅಂಗಡಿಯವರ ಕೂಗು, ಎಲ್ಲ ಕೇಳಲಿ. ಗಣಪತಿ ವಿಸರ್ಜನೆಯ ಮೆರವಣಿಗೆ ರಾತ್ರಿಯಿಡೀ ನಡೆದು ಮರುದಿನಕ್ಕೂ ಹೋಗುತ್ತದೆ, ಡಾಲ್ಬಿ ಸ್ಪೀಕರ್ ಸದ್ದಿಗೆ ಕಿಟಕಿ ಗಾಜು ನಡುಗುತ್ತದೆ ಅಂತಾನೂ ಹೇಳ್ತೀನಿ. ಕಾರು ನಿಲ್ಲಿಸಲು ಜಾಗ ಇಲ್ಲ ಅಂತಲೂ ಹೇಳ್ತೀನಿ. ಹತ್ತು ಜನರಲ್ಲಿ ಎಂಟು ಜನ ಹೊರಟು ಹೋದರು. ಉಳಿದವರಲ್ಲಿ ಒಬ್ಬರು ಕಾಲೇಜಿನ ಮೇಷ್ಟ್ರು. ಅವರ ಹೆಂಡತಿಗೆ ಮಾರ್ಕೆಟ್ ನಡೆದು ಹೋಗುವಷ್ಟು ಹತ್ತಿರ ಇರಬೇಕಿತ್ತು. ಹನ್ನೊಂದು ತಿಂಗಳ ಕರಾರು, ಎರಡು ಸಲ ಅವರೇ ಕೇಳಿ ಮುಂದುವರಿಸಿದರು.

ಸಿಮೆಂಟಿನ ನಷ್ಟ, ಬಾತ್‌ರೂಮು, ವೈರಿಂಗ್, ಹೊಸ ಮೀಟರ್ ಎಲ್ಲ ಸೇರಿ 6 ಲಕ್ಷದ ಆಸುಪಾಸು ಆಗಿದೆ. ಕೆಡವಿ ಕಟ್ಟಲು ನನಗೆ ಕೊಟ್ಟ ಎಸ್ಟಿಮೇಟ್ 28 ಲಕ್ಷ. ಹೋದ ಮಳೆಗಾಲದಲ್ಲಿ ದೊಡ್ಡಪ್ಪ ಬಂದು ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ನೋಡಿದರು. ಏನೂ ಅನ್ನಲಿಲ್ಲ. ಮರುವಾರ ಅವರ ಶಹಾಪುರದ ಹಳೇ ಮನೆ ನೋಡಲು ಗೌಂಡಿಯವರ ನಂಬರ್ ಕೇಳಿದರು.