ಕರುಳಿನ ಬಲಭಾಗ ನಿಜವಾಗಿ ಕಂಡಿತೇ?

ತಪಾಸಣೆಗೆಂದು ಕೊಲೊನೋಸ್ಕೋಪಿಗೆ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆಗೆ, ಬರುವ ಹೆಚ್ಚಿನವರಿಗೆ ಮೈಯಲ್ಲಿ ಯಾವ ತೊಂದರೆಯೂ ಇರುವುದಿಲ್ಲ. ಮುಂದೆ ಕ್ಯಾನ್ಸರ್ ಆಗಬಹುದಾದ ಪಾಲಿಪ್ (ಕರುಳಿನ ಒಳಗೋಡೆಯ ಮೇಲಿನ ಬೆಳವಣಿಗೆ) ಇದ್ದರೆ ಈಗಲೇ ಕಂಡುಹಿಡಿದು ತೆಗೆದುಹಾಕಲಿ ಎಂದು ಬರುತ್ತಾರೆ. ಏನೂ ಇಲ್ಲ ಎಂದು ನಾನು ಬರೆದುಕೊಟ್ಟರೆ, ವಿಶೇಷ ಅಪಾಯವಿಲ್ಲದವರು ಅದನ್ನೇ ನಂಬಿ 10 ವರ್ಷ ಮತ್ತೆ ಇತ್ತ ತಲೆಹಾಕುವುದಿಲ್ಲ. ಆ ನಂಬಿಕೆಗೆ ತಕ್ಕಷ್ಟು ಕರುಳು ನನಗೆ ಕಂಡಿರಬೇಕು.

ಆತಂಕವೆಲ್ಲ ದೊಡ್ಡ ಕರುಳಿನ ಬಲಭಾಗದ್ದು. ಅಲ್ಲಿ ಬೆಳೆಯುವ ಒಂದು ಬಗೆಯ ಪಾಲಿಪ್ ಗಂಟಿನಂತೆ ಎದ್ದು ನಿಲ್ಲದೆ ಗೋಡೆಗೆ ಅಂಟಿಕೊಂಡಂತೆ ಚಪ್ಪಟೆಯಾಗಿರುತ್ತದೆ. ಬಣ್ಣವೂ ಸುತ್ತಲಿನ ಗೋಡೆಯದ್ದೇ. ಒಮ್ಮೆ ಒಂದು ಮಡಿಕೆಯ ಮೇಲೆ ಹಳದಿ ಲೋಳೆಯ ತೇಪೆ ಕಂಡಿತು. ನೀರು ಹಾಯಿಸಿದರೂ ಸುಲಭಕ್ಕೆ ಬಿಡಲಿಲ್ಲ. ಪೂರ್ತಿ ತೊಳೆದ ಮೇಲೆ ನೋಡಿದರೆ, ಸುತ್ತಲೂ ಸ್ಪಷ್ಟವಾಗಿದ್ದ ರಕ್ತನಾಳಗಳ ಗೆರೆಗಳು ಆ ಜಾಗದಲ್ಲಿ ಮಾತ್ರ ಕಡಿದುಹೋಗಿದ್ದವು. ಅಂಚು ಹಿಡಿದು ನೋಡಿದಾಗ ಪಾಲಿಪ್ ಎಂದು ತಿಳಿಯಿತು. ಉಳಿದ ಗೋಡೆ ಸ್ವಚ್ಛವಾಗಿದ್ದುದರಿಂದಲೇ ಆ ತೇಪೆ ಕಣ್ಣಿಗೆ ಬಿತ್ತು. ಎಲ್ಲೆಡೆ ಮಲ ಮೆತ್ತಿಕೊಂಡಿದ್ದರೆ ಅದೂ ಅದರಲ್ಲೇ ಸೇರಿಹೋಗುತ್ತಿತ್ತು.

ಕರುಳು ತೊಳೆಯಲು ಕೊಡುವ ಭೇದಿ ಔಷಧಿಯನ್ನೆಲ್ಲ ಹಿಂದಿನ ರಾತ್ರಿಯೇ ಕುಡಿದು ಮುಗಿಸಿದರೆ ಬಲಭಾಗ ಕೈಕೊಡುತ್ತದೆ. ಕರುಳು ತೊಳೆದುಹೋದ ಮೇಲೂ ಸಣ್ಣ ಕರುಳಿನಿಂದ ಪಿತ್ತರಸ ಬೆರೆತ ಅಂಟುದ್ರವ ಇಳಿಯುತ್ತಲೇ ಇರುತ್ತದೆ, ಇಳಿದು ಮೊದಲು ಮೆತ್ತಿಕೊಳ್ಳುವುದೇ ಅಲ್ಲಿ. ಹೀಗಾಗಿ ನಾನು ಔಷಧಿಯನ್ನು ಎರಡು ಪಾಲು ಮಾಡಿಸುತ್ತೇನೆ. ಎರಡನೆಯ ಪಾಲನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಆರಂಭಿಸಿ, ಕನಿಷ್ಠ 2 ಗಂಟೆ ಮೊದಲು ಮುಗಿಸಬೇಕು. ಬೆಳಿಗ್ಗೆ 8ಕ್ಕೆ ಪರೀಕ್ಷೆಯಿದ್ದರೆ ನಸುಕಿನ 3ಕ್ಕೇ ಏಳಬೇಕಾಗುತ್ತದೆ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಕಾರಣ ಬಿಡಿಸಿ ಹೇಳಿದರೆ ಜನ ಏಳುತ್ತಾರೆ. ಬರೀ ಚೀಟಿ ಕೊಟ್ಟು ಕಳಿಸಿದರೆ ನಿದ್ದೆಯೇ ಗೆಲ್ಲುತ್ತದೆ.

ಮಲಬದ್ಧತೆ, ಮಧುಮೇಹ, ಅಫೀಮು ಜಾತಿಯ ನೋವಿನ ಮಾತ್ರೆ ಇವುಗಳ ಬಗ್ಗೆ ಮೊದಲೇ ಕೇಳುತ್ತೇನೆ. ಇಂಥವರಿಗೆ ಮಾಮೂಲಿ ಪ್ರಮಾಣ ಸಾಲದಿರಬಹುದು. ಕಬ್ಬಿಣಾಂಶದ ಮಾತ್ರೆಯನ್ನು ಕೆಲವು ದಿನ ಮೊದಲೇ ನಿಲ್ಲಿಸುತ್ತೇನೆ, ಅದು ಮಲವನ್ನು ಕಪ್ಪಾಗಿ ಅಂಟಾಗಿಸುತ್ತದೆ. ಕೊನೆಯಲ್ಲಿ ಹೋಗುವುದು ತಿಳಿಹಳದಿ ನೀರಿನಂತಿರಬೇಕು. ಇನ್ನೂ ಕಂದು ಬಣ್ಣದ್ದೇ ಹೋಗುತ್ತಿದೆ ಎಂದು ದಾದಿಯರ ಬಳಿ ಹೇಳಿದರೆ ಕೊಳವೆ ಹಾಕುವ ಆತುರ ಮಾಡುವುದಿಲ್ಲ. ಇನ್ನಷ್ಟು ಔಷಧಿ ಕುಡಿಸಿ ಪರೀಕ್ಷೆಯನ್ನು ಅದೇ ದಿನ ತಡವಾಗಿ ಇಟ್ಟುಕೊಳ್ಳುತ್ತೇವೆ.

ಕರುಳು ಎಷ್ಟು ಸ್ವಚ್ಛವಾಗಿದೆ ಎಂಬುದಕ್ಕೆ ಅಂಕ ಕೊಡುವುದು ಬಾಸ್ಟನ್ ಅಳತೆಯ ಪ್ರಕಾರ. ನೀರು ಹಾಯಿಸಿ, ಹೀರಿ ತೆಗೆದು, ಕೊಳವೆಯನ್ನು ಹಿಂದಕ್ಕೆ ತರುತ್ತ ಬಲ, ನಡು, ಎಡ ಭಾಗಗಳಿಗೆ ಬೇರೆ ಬೇರೆಯಾಗಿ 0ಯಿಂದ (ಗೋಡೆಯೇ ಕಾಣದಷ್ಟು ಮಲ) 3ರವರೆಗೆ (ಪೂರ್ತಿ ಸ್ವಚ್ಛ) ಕೊಡುತ್ತೇನೆ. ಪ್ರತಿ ಭಾಗಕ್ಕೂ ಕನಿಷ್ಠ 2 ಬರಲೇಬೇಕು. ಮೊತ್ತವನ್ನಷ್ಟೇ ಬರೆದರೆ ಮೋಸವಾಗುತ್ತದೆ: ಎಡಕ್ಕೆ 3, ನಡುವಿಗೆ 2, ಬಲಕ್ಕೆ 1 ಸೇರಿದರೂ 6 ಆಗುತ್ತದೆ, ನೋಡಲೇಬೇಕಾದ ಜಾಗ ಮಾತ್ರ ಕಂಡಿರುವುದಿಲ್ಲ. 'ಸಾಧಾರಣ' ಎಂಬ ಒಂಟಿ ಪದವಂತೂ ಮುಂದಿನ ವೈದ್ಯರಿಗೆ ಏನನ್ನೂ ಹೇಳುವುದಿಲ್ಲ. ಅಡಿನೋಮಾ ಎಂದರೆ ಕ್ಯಾನ್ಸರ್‌ಗೆ ತಿರುಗಬಹುದಾದ ಒಂದು ಬಗೆಯ ಪಾಲಿಪ್. ವೈದ್ಯರೊಬ್ಬರ ನೂರು ತಪಾಸಣೆಗಳಲ್ಲಿ ಎಷ್ಟರಲ್ಲಿ ಅದು ಪತ್ತೆಯಾಗುತ್ತದೆ ಎಂಬ ಪ್ರಮಾಣ ಶೇಕಡಾ 1ರಷ್ಟು ಏರಿದಂತೆ ಅವರ ಬಳಿ ಬಂದವರಿಗೆ ಮುಂದೆ ಕ್ಯಾನ್ಸರ್ ಬರುವ ಅಪಾಯ ಸುಮಾರು ಶೇಕಡಾ 3ರಷ್ಟು ಇಳಿದಿದ್ದನ್ನು 2014ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಗೋಡೆ ಸ್ವಚ್ಛವಾಗಿದ್ದರೆ ತಾನೇ ಪಾಲಿಪ್ ಕಾಣುವುದು, ಹೀಗಾಗಿ ತೊಳೆಯುವುದಕ್ಕೆ ಹಿಡಿಯುವ ನಿಮಿಷಗಳು ವ್ಯರ್ಥ ಎಂದು ನನಗೆ ಯಾವತ್ತೂ ಅನಿಸಿಲ್ಲ.

ಎಷ್ಟು ತೊಳೆದರೂ ಬಲಭಾಗ 1ರಲ್ಲೇ ನಿಂತರೆ 10 ವರ್ಷ ಎಂದು ಬರೆಯುವುದಿಲ್ಲ. ಒಂದು ವರ್ಷದೊಳಗೆ ಮತ್ತೆ ಮಾಡಬೇಕು ಎಂದು ಕಾರಣಸಹಿತ ಬರೆಯುತ್ತೇನೆ. ಮಂಪರು ಇಳಿದ ಮೇಲೆ, ಜೊತೆಗೆ ಬಂದವರನ್ನೂ ಕೂರಿಸಿಕೊಂಡು ಹೇಳುತ್ತೇನೆ, ಮೊದಲೇ ಹೇಳಿದರೆ ನೆನಪಿನಲ್ಲಿ ಉಳಿಯುವುದಿಲ್ಲ. ಈ ಸಲ ಏನು ಕುಡಿದರು, ಎಷ್ಟು ಗಂಟೆಗೆ ಮುಗಿಸಿದರು, ಮುಂದಿನ ಸಲ ಏನು ಬದಲಾಗಬೇಕು ಎಂಬುದನ್ನೂ ಅದೇ ವರದಿಯಲ್ಲಿ ಸೇರಿಸುತ್ತೇನೆ.